ಆ ‘ಹೆಣ್ಣಾದರೂ’ ಹೊಡೆದುಹಾಕಿ

ಮಂಡ್ಯದ ತಂಗಿಗೆ, ನಮಸ್ಕಾರ.

ನೀವು ಕಳಿಸಿದ ‘ಹೆಣ್ಣಾದರೂ ಗೆದ್ದವರು’ ಲೇಖನ ತಲುಪಿತು. ಎರಡು ಸಲ ಓದಿದೆ. ನಂಜನಗೂಡಿನಿಂದ ಬಂದು ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಆದ ರಾಜೇಶ್ವರಿ ಚಟರ್ಜಿ, ಮದರಾಸಿನ ಗಿಂಡಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಎ. ಲಲಿತಾ, ಈ ಇಬ್ಬರ ಬಗ್ಗೆ ಶ್ರದ್ಧೆಯಿಂದ ಬರೆದಿದ್ದೀರಿ. ಭಾಷೆ ಶುದ್ಧವಾಗಿದೆ. ಅಕ್ಷರ ತಪ್ಪು ಒಂದೂ ಇಲ್ಲ. ಆರಿಸಿಕೊಂಡ ವಿಷಯವೂ ಒಳ್ಳೆಯದೇ. ಆದರೆ ಇದನ್ನು ಹೀಗೇ ಪತ್ರಿಕೆಗೆ ತೆಗೆದುಕೊಳ್ಳಲು ಆಗುವುದಿಲ್ಲ.

ವಾಪಸ್ ಮಾಡುವ ಬರಹಕ್ಕೆ ಸಾಮಾನ್ಯವಾಗಿ ನಾನು ಎರಡು ಸಾಲು ಬರೆಯುತ್ತೇನೆ. ನಿಮ್ಮದನ್ನು ಓದಿ ಸಿಟ್ಟು ಬಂತು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಬರೆಯಲು ಶುರುಮಾಡಿರುವ ಬೇರೆಯವರಿಗೂ ಈ ಮಾತು ಬೇಕಾಗಬಹುದು ಅಂತ, ನಿಮ್ಮ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಹಾಕಿದ್ದೇನೆ.

ಮೊದಲು ಆ ಒಂದು ಪದ. ‘ಹೆಣ್ಣಾದರೂ’. ತಲೆಬರಹ ಬಿಟ್ಟು ಎಣಿಸಿದೆ. ಒಂಬತ್ತು ಸಲ ಇದೆ.

ನಿಮ್ಮ ಎರಡನೇ ಪ್ಯಾರಾದ ಸಾಲು ಇದು: ‘ರಾಜೇಶ್ವರಿಯವರು ಹೆಣ್ಣಾದರೂ ಗಣಿತದಲ್ಲಿ ಅಪ್ರತಿಮ ಪ್ರತಿಭೆ ಮೆರೆದರು.’ ನೀವು ಮಂಡ್ಯದವರು. ‘ನಾಲೆಗೆ ನೀರು ಬಿಡದಿದ್ದರೂ ಭತ್ತ ಬೆಳೆದ’ ಅಂದರೆ ಏನು ಅರ್ಥ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ನೀರಿಲ್ಲದೆ ಭತ್ತ ಬೆಳೆಯುವುದು ಕಷ್ಟ, ಅದಕ್ಕೇ ಅಲ್ಲಿ ‘ಬಿಡದಿದ್ದರೂ’ ಬಂತು. ಹಾಗಾದರೆ ಹೆಣ್ಣಾಗಿರುವುದು ಗಣಿತಕ್ಕೆ ನೀರಿಲ್ಲದ ನಾಲೆಯಾ? ನೀವು ಹಾಗೆ ನಂಬಿಲ್ಲ. ನನಗೆ ಗೊತ್ತು. ಆದರೆ ಸಾಲು ಹಾಗೇ ಹೇಳುತ್ತಿದೆ. ಓದುವವರ ಕೈಗೆ ಸಿಗುವುದು ಸಾಲು ಮಾತ್ರ, ನಿಮ್ಮ ಮನಸ್ಸಲ್ಲ.

ಪದ ಹೊಡೆದುಹಾಕಿ ಆ ಸಾಲನ್ನು ಮತ್ತೆ ಓದಿ. ‘ರಾಜೇಶ್ವರಿಯವರು ಗಣಿತದಲ್ಲಿ ಅಪ್ರತಿಮ ಪ್ರತಿಭೆ ಮೆರೆದರು.’ ಈಗ ಗೊತ್ತಾಗುತ್ತದೆ, ಅಲ್ಲಿ ಏನೂ ಇಲ್ಲ. ಏನು ಮೆರೆದರು? ಎಲ್ಲಿ? ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಆನರ್ಸ್, ಎಂ.ಎಸ್ಸಿ. ಎರಡಕ್ಕೂ ಗಣಿತ ಓದಿದರು. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೆ ಮೊದಲ ಸ್ಥಾನ. ಆಗ ಸೆಂಟ್ರಲ್ ಕಾಲೇಜು ನಮ್ಮ ಮೈಸೂರು ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಇದನ್ನು ಬರೆದರೆ ‘ಅಪ್ರತಿಮ’ ಬೇಕಾಗುತ್ತದಾ? ‘ಹೆಣ್ಣಾದರೂ’ ಬಂದಾಗಲೆಲ್ಲ ನೀವು ಒಂದು ವಿವರವನ್ನು ಬಿಟ್ಟಿದ್ದೀರಿ. ಒಂಬತ್ತು ಕಡೆಯೂ ಹಾಗೇ. ಗುರುತು ಹಾಕಿ ಕಳಿಸಿದ್ದೇನೆ, ನೋಡಿ.

ಈ ಪದ ಕಂಡರೆ ನನಗೆ ಇಷ್ಟು ಉರಿಯುವುದಕ್ಕೆ ಕಾರಣ ಇದೆ. ಹೇಳಿಬಿಡುತ್ತೇನೆ.

ನಾನು ಮೈಸೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯಲು ಸೇರಿದಾಗ ಇನ್ನೂ ಸೀಸದ ಅಕ್ಷರಗಳನ್ನು, ಅಂದರೆ ಮೊಳೆಗಳನ್ನು, ಕೈಯಲ್ಲಿ ಜೋಡಿಸುವ ಕಾಲ. ಅಚ್ಚುಕೂಟದಲ್ಲಿ ಐವತ್ತರ ಹತ್ತಿರದ ಒಬ್ಬ ಹೆಂಗಸು ಕಂಪೋಸಿಂಗ್ ಮಾಡುತ್ತಿದ್ದರು. ಕನ್ನಡದ ಮೊಳೆ ಅಂದರೆ ಸುಮ್ನೆ ಅಲ್ಲ. ಕಾಗುಣಿತಕ್ಕೆ ಬೇರೆ, ಒತ್ತಕ್ಷರಕ್ಕೆ ಬೇರೆ, ಒಂದೊಂದಕ್ಕೂ ಒಂದೊಂದು ಗೂಡು. ಅಕ್ಷರಗಳು ತಿರುವುಮುರುವಾಗಿ ಇರುತ್ತವೆ, ಕನ್ನಡಿಯಲ್ಲಿ ಕಂಡ ಹಾಗೆ. ಅವರು ಕಣ್ಣನ್ನು ಹಸ್ತಪ್ರತಿಯ ಮೇಲೇ ಇಟ್ಟು, ಕೈಯನ್ನು ಮಾತ್ರ ಗೂಡುಗಳಿಗೆ ಕಳಿಸುತ್ತಿದ್ದರು. ಕೈ ತಪ್ಪುತ್ತಿರಲಿಲ್ಲ.

ಮಹಿಳಾ ದಿನಕ್ಕೆ ಏನಾದರೂ ಬರಿ ಅಂದರು. ನಾನು ಅವರ ಬಗ್ಗೆ ಬರೆದೆ. ‘ಹೆಣ್ಣಾದರೂ ಗಂಡಸರಿಗೆ ಸರಿಸಮನಾಗಿ ದುಡಿಯುವ ದಿಟ್ಟೆ’ ಅಂತ ಶುರು. ಕೊನೆಯವರೆಗೂ ಅದೇ ಧಾಟಿ. ಬರೆದಾಗ ಬಹಳ ಖುಷಿಯಾಗಿತ್ತು. ಅದನ್ನು ಜೋಡಿಸುವ ಕೆಲಸ ಅವರ ಪಾಲಿಗೇ ಬಂತು. ಸಂಜೆ ಅವರೇ ಗ್ಯಾಲಿ ಪ್ರೂಫ್, ಅಂದರೆ ತಿದ್ದಲು ತೆಗೆದ ಕರಡು ಅಚ್ಚು, ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಬೆರಳೆಲ್ಲ ಸೀಸದ ಕಪ್ಪು. ‘ಚೆನ್ನಾಗಿ ಬರ್ದಿದೀಯ ಕಣಮ್ಮ. ಆದ್ರೆ ನಾನು ಗಂಟೆಗೆ ಎಷ್ಟು ಸಾಲು ಜೋಡಿಸ್ತೀನಿ ಅಂತ ಎಲ್ಲೂ ಬರೀಲಿಲ್ಲವಲ್ಲ?’ ಅಂದರು. ಬೇಜಾರು ಮಾಡಿಕೊಂಡು ಹೇಳಲಿಲ್ಲ. ನಿಜವಾಗಿಯೂ ಅದನ್ನು ಹುಡುಕಿದ್ದರು. ತನ್ನ ಬಗ್ಗೆ ಅಚ್ಚಾಗುವ ಒಂದೇ ಒಂದು ಲೇಖನವನ್ನು ತಾನೇ ಮೊಳೆ ಮೊಳೆಯಾಗಿ ಜೋಡಿಸುತ್ತಾ, ಈಗ ಬರುತ್ತೆ, ಈಗ ಬರುತ್ತೆ ಅಂತ ಕಾದಿದ್ದರು. ಬರಲಿಲ್ಲ. ನಾನು ಅವರನ್ನು ಕೇಳಿಯೇ ಇರಲಿಲ್ಲ.

ಮುಂದೆ ಎರಡು ವರ್ಷಕ್ಕೆ ಅದೇ ಪದ ನನಗೂ ಬಂತು. ಒಂದು ಸಮಾರಂಭದಲ್ಲಿ ನನ್ನನ್ನು ಪರಿಚಯ ಮಾಡಿಕೊಟ್ಟವರು ‘ಹೆಣ್ಣುಮಗಳಾದರೂ ರಾತ್ರಿ ಪಾಳಿ ಮಾಡುತ್ತಾರೆ’ ಅಂದರು. ಚಪ್ಪಾಳೆ ಬಿತ್ತು. ಆ ವಾರ ಪೂರ್ತಿ ಮುಖಪುಟ ಕಟ್ಟಿದ್ದು ನಾನು. ಅದರ ಬಗ್ಗೆ ಒಂದು ಮಾತಿಲ್ಲ. ಮನೆಗೆ ಬಂದು ನಿದ್ದೆ ಬರಲಿಲ್ಲ. ಕಂಪೋಸಿಂಗ್ ಮಾಡುತ್ತಿದ್ದ ಆ ಅಮ್ಮನ ಕಪ್ಪು ಬೆರಳೇ ಕಣ್ಣ ಮುಂದೆ ಬರುತ್ತಿತ್ತು.

ಸರಿ, ನಿಮ್ಮ ಬರಹಕ್ಕೆ ಬರೋಣ. ಎರಡನೆಯದು ಕತ್ತಲು.

ನಿಮ್ಮ ಮೊದಲ ಸಾಲು: ‘ವಿದ್ಯುತ್ ಎಂದರೇನೆಂದೇ ಅರಿಯದ ನಾಡಿನಲ್ಲಿ, ನಂಜನಗೂಡೆಂಬ ಕುಗ್ರಾಮದಲ್ಲಿ, ಅಜ್ಞಾನದ ಕಗ್ಗತ್ತಲಲ್ಲಿ ಅರಳಿತೊಂದು ಕುಸುಮ.’ ಇದನ್ನು ಒಂದೊಂದಾಗಿ ಬಿಡಿಸುತ್ತೇನೆ.

‘ವಿದ್ಯುತ್ ಎಂದರೇನೆಂದೇ ಅರಿಯದ ನಾಡು.’ ರಾಜೇಶ್ವರಿಯವರು ಹುಟ್ಟಿದ್ದು 1922ರಲ್ಲಿ. ಶಿವನಸಮುದ್ರದ ವಿದ್ಯುತ್ ಕೇಂದ್ರ ಕೆಲಸ ಶುರುಮಾಡಿದ್ದು 1902ರಲ್ಲಿ. ಅಲ್ಲಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದು 1905ರಲ್ಲಿ. ಶಿವನಸಮುದ್ರ ಇರುವುದು ನಿಮ್ಮ ಜಿಲ್ಲೆಯಲ್ಲೇ, ಮಳವಳ್ಳಿ ತಾಲ್ಲೂಕಿನಲ್ಲಿ. ನೀವು ಓದುತ್ತಿರುವುದು ಎಂಜಿನಿಯರಿಂಗ್. ಈ ಸಾಲು ನಿಮ್ಮ ಪೆನ್ನಿನಿಂದ ಬರಬಾರದಿತ್ತು.

‘ಕುಗ್ರಾಮ.’ ನಂಜನಗೂಡಾ? ಮೈಸೂರಿನಿಂದ 1891ರಲ್ಲೇ ರೈಲು ಬಂದ ಊರು. ಶ್ರೀಕಂಠೇಶ್ವರನ ಜಾತ್ರೆಗೆ ಊರೂರಿನ ಜನ ಸೇರುವ ಪೇಟೆ. ಅಲ್ಲಿಯವರು ಓದಿದರೆ ಕಾಗದ ಬರೆಯುವುದು ನನಗೆ, ನಿಮಗಲ್ಲ.

‘ಅಜ್ಞಾನದ ಕಗ್ಗತ್ತಲು.’ ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರ ತಂದದ್ದು. ಅವರ ಅಜ್ಜಿ ಕಮಲಮ್ಮ ದಾಸಪ್ಪ. ಹಳೇ ಮೈಸೂರಿನಲ್ಲಿ ಪದವಿ ಪಡೆದ ಮೊದಮೊದಲ ಹೆಂಗಸರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟುಹೋದ ಹೆಂಗಸರು ಓದಬೇಕು ಅಂತ ದುಡಿದವರು. ಮೊಮ್ಮಗಳು ಓದು ಶುರುಮಾಡಿದ್ದು ಈ ಅಜ್ಜಿ ಕಟ್ಟಿದ ಶಾಲೆಯಲ್ಲೇ. ನೀವು ಮೊಮ್ಮಗಳು ಹೊಳೆಯಲಿ ಅಂತ ಸುತ್ತ ಕತ್ತಲು ಮಾಡಿದಿರಿ. ಆ ಕತ್ತಲಲ್ಲಿ ಅಜ್ಜಿಯೇ ಕಾಣದೆ ಹೋದರು. ಇಡೀ ಲೇಖನದಲ್ಲಿ ಅವರ ಹೆಸರಿಲ್ಲ.

ಕುಸುಮದ ಬಗ್ಗೆ ನಾನೇನೂ ಹೇಳುವುದಿಲ್ಲ. ಅದನ್ನು ತೆಗೆಯಿರಿ, ಅಷ್ಟೇ.

ಇದೇ ಚಾಳಿ ಆರನೇ ಪ್ಯಾರಾದಲ್ಲೂ ಇದೆ. ‘ಪತಿಯ ಪ್ರೋತ್ಸಾಹದಿಂದ ಸಂಶೋಧನಾ ಕ್ಷೇತ್ರಕ್ಕೆ ಕಾಲಿಟ್ಟರು.’ ಇಸವಿಗಳನ್ನು ಸಾಲಾಗಿ ಇಟ್ಟು ನೋಡಿ. ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ್ದು 1943ರಲ್ಲಿ. ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದದ್ದು 1947ರಲ್ಲಿ. ಅಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ. ಆಮೇಲೆ ವಾಷಿಂಗ್ಟನ್‌ನಲ್ಲಿ ರೇಡಿಯೋ ಅಲೆಗಳನ್ನು ಅಳೆಯುವ ಕೆಲಸದಲ್ಲಿ ಎಂಟು ತಿಂಗಳ ತರಬೇತಿ. ಮತ್ತೆ ಮಿಷಿಗನ್, ಪಿಎಚ್.ಡಿ. 1953ರಲ್ಲಿ ಬೆಂಗಳೂರಿಗೆ ವಾಪಸಾಗಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕರಾದರು. ಸಿಸಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾದದ್ದು ಆ ವರ್ಷ. ಹತ್ತು ವರ್ಷದ ಹಿಂದೆಯೇ ಕಾಲಿಟ್ಟಾಗಿತ್ತಲ್ಲ! ಗಂಡ ಹೆಂಡತಿ ಇಬ್ಬರೂ ಸೇರಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟಿದರು. ಸಮಾನರಾಗಿ ಕಟ್ಟಿದ್ದನ್ನು ಪ್ರೋತ್ಸಾಹ ಅಂತ ಬರೆದರೆ ಇಬ್ಬರಿಗೂ ಅನ್ಯಾಯ.

ಲಲಿತಾ ಅವರ ಭಾಗ ಇದಕ್ಕಿಂತ ಮೇಲು. ಅಲ್ಲಿ ಒಂದು ಸಾಲು ನನ್ನನ್ನು ಹಿಡಿದು ನಿಲ್ಲಿಸಿತು. 1940ರ ದಶಕದಲ್ಲಿ ಪದವಿ ಪತ್ರವನ್ನು ಗಂಡಸರಿಗೆ ಅಂತಲೇ ಅಚ್ಚು ಹಾಕಿದ್ದರು, ಲಲಿತಾ ಅವರ ಪತ್ರದಲ್ಲಿ ‘ಅವನು’ ಅಂತಿದ್ದದ್ದನ್ನು ಹೊಡೆದುಹಾಕಿ ‘ಅವಳು’ ಅಂತ ಬರೆದುಕೊಟ್ಟರು ಎಂಬ ಸಾಲು. ಜೀವನವಿಡೀ ಕರಡು ತಿದ್ದಿದವಳು ನಾನು. ಇಷ್ಟು ಒಳ್ಳೆಯ ತಿದ್ದುಪಡಿ ನೋಡಿಲ್ಲ. ಅಚ್ಚಿನಲ್ಲಿ ಜಾಗವೇ ಇರಲಿಲ್ಲ, ಕೈಯಲ್ಲಿ ಬರೆದು ಜಾಗ ಮಾಡಿದರು. ನೀವು ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ತಕ್ಷಣ ‘ವಿಧಿಯ ಕ್ರೂರ ಆಟಕ್ಕೆ ಸಿಲುಕಿ ನಲುಗಿದ ಅಬಲೆ’ ಅಂತ ಹಿಂದಕ್ಕೆ ಓಡಿದಿರಿ.

ಹದಿನೆಂಟಕ್ಕೆ ಗಂಡ ತೀರಿಕೊಂಡರು, ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣುಮಗು. ಇಷ್ಟು ಬರೆದರೆ ಸಾಕು. ಓದುವವರ ಎದೆಯೂ ಕಲ್ಲಲ್ಲ. ವಿಧಿಯನ್ನು ಕರೆಯುವ ಬದಲು ಆಮೇಲೆ ಏನು ಮಾಡಿದರು ಅಂತ ಹೇಳಿ. ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿ ಪಡೆದರು. ಶಿಮ್ಲಾದಲ್ಲಿ ಕೆಲಸ ಮಾಡಿದರು. ಕಲ್ಕತ್ತಾದ ಕಂಪನಿಯಲ್ಲಿದ್ದಾಗ ಭಾಕ್ರಾ ನಂಗಲ್ ಅಣೆಕಟ್ಟಿನ ವಿದ್ಯುತ್ ಮಾರ್ಗಗಳ ಕೆಲಸ ಮಾಡಿದರು. ನಿಮ್ಮ ಲೇಖನದಲ್ಲಿ ಭಾಕ್ರಾ ನಂಗಲ್‌ಗೆ ಅರ್ಧ ಸಾಲು, ಕಣ್ಣೀರಿಗೆ ಆರು ಸಾಲು. ಅವರ ಕಾಲೇಜಿನಲ್ಲೇ ಸಿವಿಲ್ ಓದಿದ ಲೀಲಮ್ಮ ಜಾರ್ಜ್, ಪಿ.ಕೆ. ತ್ರೇಸ್ಯಾ ಅವರ ಹೆಸರು ಎಲ್ಲೂ ಇಲ್ಲ. ತ್ರೇಸ್ಯಾ ಮುಂದೆ ಕೇರಳದ ಲೋಕೋಪಯೋಗಿ ಇಲಾಖೆಯ ಮುಖ್ಯ ಎಂಜಿನಿಯರ್ ಆದರು. ‘ಏಕಾಂಗಿ ಹೋರಾಟ’ ಅಂತ ನಿಮಗೆ ಬರೆಯಬೇಕಿತ್ತು, ಅದಕ್ಕೇ ಇವರಿಬ್ಬರೂ ಹೊರಗುಳಿದರು ಅಂತ ನನ್ನ ಅನುಮಾನ.

ಈಗ ನಿನ್ನೆಯ ಫೋನ್ ವಿಷಯ. ಸಿಟ್ಟಿನಲ್ಲೇ ಫೋನ್ ಮಾಡಿದ್ದೆ, ನಿಮಗೂ ಗೊತ್ತಾಗಿರಬೇಕು. ‘ಮೈಕ್ರೋವೇವ್ ಅಂತ ನಾಲ್ಕು ಸಲ ಬರೆದಿದ್ದೀರಿ, ಹಾಗಂದರೆ ಏನು ಅಂತ ಎಲ್ಲೂ ಇಲ್ಲವಲ್ಲ’ ಅಂದೆ. ನೀವು ತಡವರಿಸಲೇ ಇಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ವಾರಕ್ಕೊಮ್ಮೆ ಮೈಕ್ರೋವೇವ್ ಉಪಕರಣಗಳ ಬೆಂಚಿನ ಮುಂದೆ ಕೂರುತ್ತೇನೆ ಅಂದಿರಿ. ಅಲ್ಲಿ ತಂತಿಯ ಬದಲು ಹಿತ್ತಾಳೆಯ ಆಯತಾಕಾರದ ಕೊಳವೆ ಇರುತ್ತದೆ ಅಂದಿರಿ. ಒಳಗೆ ಟೊಳ್ಳು. ಟೊಳ್ಳು ಕೊಳವೆಯಲ್ಲಿ ಕರೆಂಟ್ ಹೇಗೆ ಹೋಗುತ್ತೆ ಅಂತ ನಾನು ಕೇಳಿದ್ದಕ್ಕೆ, ‘ಕರೆಂಟ್ ಅಲ್ಲ ಮೇಡಂ, ಅಲೆ. ರೇಡಿಯೋ ಅಲೆ ಥರಾನೇ, ಆದ್ರೆ ಮೂರು ಸೆಂಟಿಮೀಟರ್ ಉದ್ದದ್ದು’ ಅಂದಿರಿ. ಕೊಳವೆಯ ಒಳ ಅಗಲ ಸುಮಾರು 23 ಮಿಲಿಮೀಟರ್. ಅದರ ಎರಡರಷ್ಟಕ್ಕಿಂತ ಉದ್ದದ ಅಲೆ ಒಳಗೆ ಸಾಗುವುದೇ ಇಲ್ಲ. ಇದನ್ನು ಹೇಳುವಾಗ ನೀವು ಏನಂದಿರಿ ನೆನಪಿದೆಯಾ? ‘ಕಬ್ಬಿನ ಗಾಡಿ ಸಂದಿಯೊಳಗೆ ಹೋಗಲ್ಲ ಅಲ್ವಾ ಮೇಡಂ, ಹಾಗೆ.’

ತಂಗಿ, ಅರವತ್ತು ದಾಟಿದ, ವಿಜ್ಞಾನ ಓದದ ನನಗೆ ಅದು ಐದು ನಿಮಿಷದಲ್ಲಿ ಅರ್ಥವಾಯಿತು. ಕೊಳವೆಯ ತುದಿಯನ್ನು ಕೊಂಬಿನ ಹಾಗೆ ಅಗಲ ಮಾಡಿದರೆ ಅಲೆ ಹೊರಗೆ ಬೀಳುತ್ತದೆ, ಅದೇ ಒಂದು ಬಗೆಯ ಆಂಟೆನಾ ಅಂತಲೂ ಹೇಳಿದಿರಿ. ರಾಜೇಶ್ವರಿಯವರು ಜೀವನವಿಡೀ ದುಡಿದದ್ದು ಇಂಥ ಅಲೆ, ಇಂಥ ಆಂಟೆನಾಗಳ ಮೇಲೇ ಅಲ್ವಾ? ರಾಡಾರಿಗೆ, ಉಪಗ್ರಹಕ್ಕೆ ಬೇಕಾದ ವಿದ್ಯೆ ಅದು. ಇಪ್ಪತ್ತು ಜನ ಅವರ ಕೈಯಲ್ಲಿ ಪಿಎಚ್.ಡಿ. ಮಾಡಿದರು. ನೂರಕ್ಕೂ ಹೆಚ್ಚು ಸಂಶೋಧನಾ ಲೇಖನ ಬರೆದರು. ಆ ಕೆಲಸದ ಒಳಗೆ ಏನಿದೆ ಅಂತ ಕನ್ನಡದಲ್ಲಿ ಹೇಳಬಲ್ಲವರು ಎಷ್ಟು ಜನ ಇದ್ದಾರೆ? ನಿಮಗೆ ಬರುತ್ತದೆ. ನಾನು ಕೇಳಿದೆ. ಯಾಕೆ ಬರೆಯಲಿಲ್ಲ ಅಂದಿದ್ದಕ್ಕೆ ‘ಅದು ಪಾಠದ ವಿಷಯ ಮೇಡಂ, ಲೇಖನಕ್ಕೆ ಬರಲ್ಲ ಅಂದ್ಕೊಂಡೆ’ ಅಂದಿರಿ. ನನ್ನ ಸಿಟ್ಟು ಆಗಲೇ ಇಳಿದುಹೋಯಿತು. ಅವತ್ತು ಗ್ಯಾಲಿ ಹಿಡಿದು ಬಂದ ಆ ಅಮ್ಮನಿಗೆ ನಾನೂ ಹೆಚ್ಚುಕಡಿಮೆ ಇದೇ ಉತ್ತರ ಕೊಟ್ಟಿದ್ದೆ.

ಲೇಖನ ಮತ್ತೆ ಬರೆಯಿರಿ. ಆ ಬೆಂಚಿನ ಮುಂದೆ ನೀವು ಕೂತಿರುವಲ್ಲಿಂದ ಶುರುಮಾಡಿ. ಲಲಿತಾ ಅವರನ್ನು ಈಗ ಬಿಡಿ, ಆ ಪದವಿ ಪತ್ರಕ್ಕೆ ಬೇರೆಯೇ ಲೇಖನ ಬೇಕು. ಅಜ್ಜಿಯನ್ನು ಒಳಗೆ ಕರೆತನ್ನಿ. ‘ಮೊದಲ ಮಹಿಳೆ’ ಒಂದು ಸಲ ಸಾಕು. ಪದಗಳ ಲೆಕ್ಕ ಇಟ್ಟುಕೊಳ್ಳಬೇಡಿ, ಜಾಗ ಮಾಡಿಕೊಡುವುದು ನನ್ನ ಕೆಲಸ.

ಮುಂದಿನ ತಿಂಗಳ ಹತ್ತರೊಳಗೆ ಕಳಿಸಿದರೆ ಆ ಸಂಚಿಕೆಗೇ ಆಗುತ್ತದೆ. ಮೈಸೂರಿಗೆ ಬರುವುದಿದ್ದರೆ ಹಸ್ತಪ್ರತಿ ಹಿಡಿದುಕೊಂಡೇ ಬನ್ನಿ, ಕೂತು ಓದೋಣ. ಕೊಳವೆಯ ಅಳತೆಯನ್ನು ಇನ್ನೊಂದು ಸಲ ಸ್ಕೇಲಿಟ್ಟು ನೋಡಿಕೊಳ್ಳಿ. ಕಬ್ಬಿನ ಗಾಡಿಯನ್ನು ಮಾತ್ರ ಬಿಡಬೇಡಿ.

ಪ್ರೀತಿಯಿಂದ,
ಸಂಪಾದಕಿ