ಕಾಣದ ಕ್ಯೂಬಿಗೆ ಹಾಕಿದ ಸಹಿ

ದಾವಣಗೆರೆಯಲ್ಲಿ ಆಪ್ತಸಲಹೆಗೆ ಅಂತ ಬಾಗಿಲು ತೆರೆದು ಕೂತರೆ ಎಂಜಿನಿಯರುಗಳು ಬಂದೇ ಬರುತ್ತಾರೆ. ಈ ಊರು 1951ರಿಂದಲೂ ಎಂಜಿನಿಯರುಗಳನ್ನು ತಯಾರು ಮಾಡುತ್ತಿದೆ. ಬರುವವರು ನಿದ್ದೆ ಇಲ್ಲ, ಎದೆ ಉರಿ, ಮನೆಯಲ್ಲಿ ಸುಮ್ಮಸುಮ್ಮನೆ ಸಿಟ್ಟು ಅನ್ನುತ್ತಾರೆ. ‘ಹಾಕಬಾರದ ಕಾಗದಕ್ಕೆ ಸೈನ್ ಹಾಕಿದೀನಿ’ ಅಂತ ಯಾರೂ ಮೊದಲ ದಿನ ಹೇಳುವುದಿಲ್ಲ. ಕೆಲವು ಭೇಟಿ ಆದಮೇಲೆ ಅದು ಮೆಲ್ಲಗೆ ಹೊರಗೆ ಬರುತ್ತದೆ. ಇದೇ ಮಾತನ್ನು ಬೇರೆಬೇರೆ ಬಾಯಲ್ಲಿ ಕೇಳಿ ಕೇಳಿ ಒಂದು ಪ್ರಕರಣ ಬರೆಯೋಣ ಅನ್ನಿಸಿತು. ಸಂಬಂಧಪಟ್ಟವರ ಒಪ್ಪಿಗೆ ಇದೆ. ಗುರುತು ಹತ್ತದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ ಇಪ್ಪತ್ತೇಳು. ಸಿವಿಲ್ ಓದಿದವನು. ಸರ್ಕಾರಿ ಕಾಮಗಾರಿಗಳ ಗುಣಮಟ್ಟ ನೋಡುವ ಖಾಸಗಿ ಏಜೆನ್ಸಿಯಲ್ಲಿ ಕೆಲಸ. ಥರ್ಡ್ ಪಾರ್ಟಿ ಅಂತಾರಲ್ಲ, ಅದು. ಅಪ್ಪ ಹತ್ತಿ ಮಿಲ್ಲು ಮುಚ್ಚಿದ ಮೇಲೆ ಕಿರಾಣಿ ಅಂಗಡಿ ಇಟ್ಟುಕೊಂಡವರು. ತಂಗಿಯ ಮದುವೆಯ ಸಾಲ ಈತನ ಸಂಬಳದಿಂದ ತೀರಬೇಕು. ಕರೆದುಕೊಂಡು ಬಂದದ್ದು ತಾಯಿ. “ಗ್ಯಾಸ್ಟ್ರಿಕ್ ಅಂದ್ರು, ಎಂಡೋಸ್ಕೋಪಿ ಮಾಡಿಸಿದ್ವಿ, ಏನೂ ಇಲ್ಲ ಅಂದ್ರು. ದೃಷ್ಟಿ ಆಗಿರಬೇಕು ಅಂತ ಅದನ್ನೂ ತೆಗೆಸಿದೆ ಮೇಡಂ” ಅಂದರು.

ವಿಷಯ ಹೀಗಿತ್ತು. ಜಿಲ್ಲೆಯಲ್ಲಿ ಒಂದು ಹಾಸ್ಟೆಲ್ ಕಟ್ಟಡ ಏಳುತ್ತಿತ್ತು. ಪ್ರತಿ ಸಲ ಕಾಂಕ್ರೀಟ್ ಹಾಕುವಾಗಲೂ ಅದೇ ಕಾಂಕ್ರೀಟಿನಿಂದ ಕ್ಯೂಬ್ ತುಂಬಬೇಕು. ಒಂದು ಸ್ಯಾಂಪಲ್ಲಿಗೆ ಮೂರು ಕ್ಯೂಬ್, ಒಂದೊಂದು ಪಕ್ಕ 150 ಮಿಲಿಮೀಟರ್. ನೀರಲ್ಲಿ ನೆನೆಸಿಟ್ಟು 28ನೇ ದಿನ ಮಷೀನಿಗೆ ಕೊಟ್ಟು ಒಡೆಯಬೇಕು. ಎಂ25 ಅನ್ನುವ ಗ್ರೇಡಿನ ಕಾಂಕ್ರೀಟ್ ಅಂದರೆ ಒಂದು ಕ್ಯೂಬ್ ಸುಮಾರು 57 ಟನ್ ಭಾರ ತಡೆಯಬೇಕು. ಇಷ್ಟನ್ನು ಆತ ನನಗೆ ಚೀಟಿಯಲ್ಲಿ ಚಿತ್ರ ಬರೆದು ಹೇಳಿಕೊಟ್ಟ. ಹೇಳುವಾಗ ಮುಖ ಅರಳಿತ್ತು. ತನ್ನ ವಿದ್ಯೆ ಇಷ್ಟಪಡುವ ಹುಡುಗ ಅಂತ ಅವತ್ತೇ ಗೊತ್ತಾಯಿತು.

ಆದರೆ ಆ ಸೈಟಿನಲ್ಲಿ ಕ್ಯೂಬ್ ತುಂಬುತ್ತಿದ್ದ ಜಾಗವೇ ಬೇರೆ. ಗುತ್ತಿಗೆದಾರರ ಹುಡುಗರು ಶೆಡ್ಡಿನಲ್ಲಿ ಸಿಮೆಂಟ್ ಜಾಸ್ತಿ ಹಾಕಿ, ಗಟ್ಟಿಯಾಗಿ ಕಲಸಿ, ಒಂದೇ ದಿನ ಹತ್ತಾರು ಕ್ಯೂಬ್ ತುಂಬಿಟ್ಟುಬಿಡುತ್ತಿದ್ದರು. ಆಮೇಲೆ ಒಂದೊಂದಕ್ಕೆ ಒಂದೊಂದು ತಾರೀಕು. ವರದಿಯಲ್ಲಿ ‘ನನ್ನ ಸಮ್ಮುಖದಲ್ಲಿ’ ಅನ್ನುವ ಸಾಲಿನ ಕೆಳಗೆ ಈತನ ಸಹಿ. ಆಗಲೇ ಬಿಲ್ ಪಾಸಾಗುವುದು.

ಮೊದಮೊದಲು ನಮ್ಮ ಮಾತೆಲ್ಲ ಕನಸಿನದೇ. ಸ್ಲ್ಯಾಬ್ ಬೀಳುತ್ತದೆ, ಕೆಳಗೆ ಮಕ್ಕಳು ಮಲಗಿದ್ದಾರೆ. ಹಗಲಾದರೆ ತನಗೆ ತಾನೇ ಸಮಾಧಾನ: “ಎಲ್ಲರೂ ಹಾಕ್ತಾರೆ ಮೇಡಂ. ನಾನಲ್ಲದಿದ್ರೆ ಇನ್ನೊಬ್ಬ. ಕಾಂಕ್ರೀಟ್ ಅಷ್ಟೊಂದು ಕೆಟ್ಟದಾಗೇನೂ ಇರಲಿಕ್ಕಿಲ್ಲ.” ರಾತ್ರಿ ಮತ್ತೆ ಅದೇ ಸ್ಲ್ಯಾಬ್.

ಒಂದು ದಿನ ಆತನ ಬ್ಯಾಗಿನಲ್ಲಿ ಒಂದು ವರದಿಯ ಜೆರಾಕ್ಸ್ ಇತ್ತು. ಕನಸು ಬಿಡೋಣ, ಇದನ್ನು ಜೋರಾಗಿ ಓದಿ ಅಂದೆ. ಕಾಮಗಾರಿ ಹೆಸರು ಓದಿದ, ಗ್ರೇಡ್ ಓದಿದ. ಕಾಂಕ್ರೀಟ್ ಹಾಕಿದ ತಾರೀಕಿಗೆ ಬಂದ.

“ಅವತ್ತು ನೀವು ಎಲ್ಲಿದ್ರಿ?” ಅಂತ ಕೇಳಿದೆ.

ನೆನಪಿಲ್ಲ ಅಂದ. ಆಮೇಲೆ ತಾನಾಗೇ ಮೊಬೈಲ್ ತೆಗೆದು ಫೋಟೊಗಳನ್ನು ಹಿಂದಕ್ಕೆ ಎಳೆಯುತ್ತಾ ಹೋದ. ಆ ತಾರೀಕಿನಲ್ಲಿ ಚನ್ನಗಿರಿ ಕಡೆ ಸೋದರಮಾವನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ರೇಷ್ಮೆ ಶರ್ಟು ಹಾಕಿಕೊಂಡು ಕೂತಿದ್ದಾನೆ, ಎಲೆ ಮೇಲೆ ಹೋಳಿಗೆ, ಯಾರೋ ತುಪ್ಪ ಬಡಿಸುತ್ತಿದ್ದಾರೆ. ಫೋಟೊವನ್ನೂ ವರದಿಯನ್ನೂ ಅಕ್ಕಪಕ್ಕ ಇಟ್ಟ. ತುಂಬ ಹೊತ್ತು ಮಾತಿಲ್ಲ. ನಾನೂ ಆಡಲಿಲ್ಲ.

ಆಮೇಲೆ ಹೇಳಿದ: “ಮೇಡಂ, ಬಿಲ್ಡಿಂಗ್ ಬೀಳುತ್ತೆ ಅಂತ ಹೆದರಿಕೊಂಡಿದೀನಿ ಅಂದ್ಕೊಂಡಿದ್ದೆ. ಅದು ಬೀಳದೇ ಇದ್ರೆ? ಇನ್ನೂ ಮೂವತ್ತು ವರ್ಷ ಹಿಂಗೇ ಸೈನ್ ಹಾಕ್ತಾ ಹೋಗ್ತೀನಲ್ಲ. ಅದಕ್ಕೆ ಹೆದರಿಕೆ.”

ನಾನು ಕೊಟ್ಟ ಸಲಹೆಯೆಲ್ಲ ಈ ಮಾತಿನ ಮೇಲೇ ನಿಂತಿದೆ. ಕಾಂಕ್ರೀಟ್ ಹೇಗಿದೆ ಅಂತ ಆತನಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಕಾಣದ್ದನ್ನು ಕಂಡೆ ಅಂತ ಬರೆದುಕೊಟ್ಟಿದ್ದೇನೆ ಅನ್ನುವುದು. ಎರಡೂ ಗಂಟುಬಿದ್ದು ಒಂದೇ ದೊಡ್ಡ ಭಯ ಆಗಿತ್ತು. ಬಿಡಿಸಿದರೆ ಎರಡಕ್ಕೂ ಮಾಡಬಹುದಾದ ಕೆಲಸ ಇದೆ. ಕಾಂಕ್ರೀಟನ್ನು ಪರೀಕ್ಷೆ ಮಾಡಿಸಬಹುದು. ಸಹಿಯನ್ನು ತಪ್ಪು ಅಂತ ಬರೆದುಕೊಡಬಹುದು.

ಇದೇ ಕ್ಷೇತ್ರದ ಗೆಳತಿಯೊಬ್ಬಳು ಆಗ ನನ್ನ ಮೇಲೆ ರೇಗಿದಳು. ಆತಂಕಕ್ಕೆ ಚಿಕಿತ್ಸೆ ಕೊಡು, ನೀತಿಪಾಠ ನಮ್ಮ ಕೆಲಸ ಅಲ್ಲ ಅಂದಳು. ನಿದ್ದೆಗೆ ಅಂತ ಮನೋವೈದ್ಯರ ಹತ್ತಿರ ನಾನೂ ಕಳಿಸಿದ್ದೆ, ಅವರು ಕೊಟ್ಟ ಮಾತ್ರೆಯಿಂದ ಸ್ವಲ್ಪ ಗುಣವೂ ಇತ್ತು. ಆದರೆ ಮುಳ್ಳು ಕಾಲಲ್ಲೇ ಇರುವಾಗ ನೋವಿನ ಮಾತ್ರೆಯೊಂದನ್ನೇ ಕೊಟ್ಟು ನಡೆಸುವುದು ನನಗೆ ಒಗ್ಗುವುದಿಲ್ಲ. ಎಲ್ಲ ಪಾಪಪ್ರಜ್ಞೆಯೂ ಕಾಯಿಲೆ ಅಲ್ಲ. ಕೆಲವು ಸಲ ಅದು ಸರಿಯಾದ ಲೆಕ್ಕವನ್ನೇ ಹೇಳುತ್ತಿರುತ್ತದೆ.

ಇವನೇನು ಕಾಲೇಜಿನಲ್ಲಿ ಇದನ್ನು ಓದದವನಲ್ಲ. ಇವನು ಓದುವಾಗ ವಿಟಿಯುನಲ್ಲಿ (ತಾಂತ್ರಿಕ ವಿಶ್ವವಿದ್ಯಾಲಯ) ಸಂವಿಧಾನದ ಜೊತೆ ವೃತ್ತಿನೀತಿಯನ್ನೂ ಸೇರಿಸಿ ಒಂದು ಪೇಪರ್ ಇತ್ತು. ಸರಿಯುತ್ತರಕ್ಕೆ ಗುರುತು ಹಾಕಿ ಪಾಸಾಗುವ ಪೇಪರ್. ಅಮೆರಿಕದ ಬಾಹ್ಯಾಕಾಶ ನೌಕೆ ಚಾಲೆಂಜರ್ ಕಥೆ ಅಲ್ಲಿ ಕೇಳಿದ್ದೆ ಅಂದ. 1986ರ ಜನವರಿ 27ರ ರಾತ್ರಿ, ಇಷ್ಟು ಚಳಿಯಲ್ಲಿ ರಾಕೆಟ್ಟಿನ ರಬ್ಬರ್ ರಿಂಗುಗಳು ಕೈಕೊಡಬಹುದು, ನಾಳೆ ಹಾರಿಸಬೇಡಿ ಅಂತ ರೋಜರ್ ಬೋಷೊಲಿ ಮತ್ತು ಜೊತೆಯ ಎಂಜಿನಿಯರುಗಳು ಹಟ ಹಿಡಿದರು. ಆ ರಾಕೆಟ್ ತಯಾರಿಸಿದ್ದ, ಇವರೆಲ್ಲ ಕೆಲಸ ಮಾಡುತ್ತಿದ್ದ ಕಂಪನಿಯ ಹಿರಿಯರೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ ‘ಎಂಜಿನಿಯರ್ ಟೋಪಿ ತೆಗೆದಿಟ್ಟು ಮ್ಯಾನೇಜರ್ ಟೋಪಿ ಹಾಕ್ಕೋ’ ಅಂದರು. ಅವರು ಹಾಕಿಕೊಂಡರು. ಮರುದಿನ ನೌಕೆ ಒಡೆದು ಅದರಲ್ಲಿದ್ದ ಏಳೂ ಜನ ಸತ್ತುಹೋದರು. ಬೋಷೊಲಿ ತನಿಖಾ ಆಯೋಗದ ಮುಂದೆ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಜೊತೆಗಾರರು ದೂರ ಆದರು, ತಲೆನೋವು, ಖಿನ್ನತೆ ಹಿಡಿಯಿತು, ಕೆಲಸ ಬಿಟ್ಟರು. ಮುಂದೆ ಎಂಜಿನಿಯರುಗಳಿಗೆ ವೃತ್ತಿನೀತಿಯ ಬಗ್ಗೆ ಉಪನ್ಯಾಸ ಕೊಡುತ್ತಾ ತಿರುಗಿದರು. ಈ ಎರಡನೇ ಭಾಗ ಪೇಪರಿನಲ್ಲಿ ಇರಲಿಲ್ಲ. ಬೇಕು ಅಂತಲೇ ನಾನು ಹೇಳಿದೆ. ಸರಿಯಾದದ್ದು ಮಾಡಿದರೆ ಮರುದಿನದಿಂದ ನಿದ್ದೆ ಬರುತ್ತದೆ ಅಂತ ಸುಳ್ಳು ಹೇಳಲು ನನಗೆ ಇಷ್ಟ ಇರಲಿಲ್ಲ.

ಆತ ತಿರುಗಿ ಕೇಳಿದ: “ಸತ್ಯೇಂದ್ರ ದುಬೆ ಗೊತ್ತಾ ಮೇಡಂ?” ಗೊತ್ತು. ಹೆದ್ದಾರಿ ಪ್ರಾಧಿಕಾರದ ಎಂಜಿನಿಯರ್, ಹೆದ್ದಾರಿ ಕೆಲಸದ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದರು. ಹೆಸರು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರೂ ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಹೋಯಿತು. 2003ರ ನವೆಂಬರ್ 27ರಂದು ಗಯಾದಲ್ಲಿ ಗುಂಡಿಗೆ ಬಲಿಯಾದರು. ದರೋಡೆಗೆ ಬಂದವರ ಕೆಲಸ ಅಂತ ಸಿಬಿಐ ಹೇಳಿತು, ಒಪ್ಪದವರು ಬಹಳ ಜನ. ಅಕ್ರಮ ಬಯಲು ಮಾಡುವವರ ರಕ್ಷಣೆಗೆ ಅಂತ 2014ರಲ್ಲಿ ಕಾಯ್ದೆ ಆಯಿತು, ವರ್ಷಗಟ್ಟಲೆ ಜಾರಿಗೇ ಬರಲಿಲ್ಲ. ವೈದ್ಯರಿಗೆ, ವಕೀಲರಿಗೆ ಪರಿಷತ್ತುಗಳಿವೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆ ಇದೆ. ಇವನ ಬೆನ್ನಿಗೆ ಅಂಥದ್ದೇನೂ ಇರಲಿಲ್ಲ.

ಅದಕ್ಕೇ ನೇರ ಲೋಕಾಯುಕ್ತಕ್ಕೆ ಹೋಗು, ಪತ್ರಿಕೆಯವರನ್ನು ಕರೆ ಅಂತ ನಾನು ಹೇಳಲಿಲ್ಲ. ಹೇಳಬೇಕಿತ್ತು ಅನ್ನುವವರಿದ್ದಾರೆ. ನನ್ನ ಕೋಣೆಯಲ್ಲಿ ಕೂತು ಇನ್ನೊಬ್ಬನ ಮಗನನ್ನು ಹುತಾತ್ಮ ಮಾಡುವುದು ಸುಲಭ, ಅಲ್ವಾ? ಅಮೆರಿಕದ ವೃತ್ತಿಪರ ಎಂಜಿನಿಯರುಗಳ ಸಂಘದ ನೀತಿಸಂಹಿತೆ ಕೂಡ ಜನರ ಸುರಕ್ಷತೆ ಎಲ್ಲಕ್ಕಿಂತ ಮೇಲು ಅಂತ ಶುರುವಾಗುತ್ತದೆ. ತನ್ನ ಉಸ್ತುವಾರಿಯಲ್ಲಿ ತಯಾರಾಗದ ಕಾಗದಕ್ಕೆ ಸಹಿ ಹಾಕಬಾರದು ಅನ್ನುತ್ತದೆ. ಜನರ ಜೀವಕ್ಕೆ ಅಪಾಯ ಇರುವಾಗ ಎಂಜಿನಿಯರನ ಮಾತು ತಳ್ಳಿಹಾಕಿದರೆ ತನ್ನ ಮಾಲೀಕರಿಗೆ ತಿಳಿಸಬೇಕು, ಸೂಕ್ತ ಅಧಿಕಾರಿಗೂ ತಿಳಿಸಬೇಕು ಅನ್ನುತ್ತದೆ. ನಾವು ಏಜೆನ್ಸಿಯೊಳಗಿನಿಂದಲೇ ಶುರು ಮಾಡಿದೆವು.

ನಾನು ಹೇಳಿದ್ದು ಇಷ್ಟು. ಇವತ್ತಿನಿಂದ ಕಾಣದ್ದಕ್ಕೆ ಸಹಿ ಬೇಡ. ರಾಜೀನಾಮೆಯೂ ಬೇಡ, ಒಳಗಿದ್ದರೇ ಬರೆಯುವ ಹಕ್ಕು ಗಟ್ಟಿ. ಏಜೆನ್ಸಿಯ ಮುಖ್ಯಸ್ಥರಿಗೆ ಪತ್ರ ಬರೆಯಿರಿ. ಕೊಡುವ ಮುಂಚೆ ವಕೀಲರಿಗೆ ತೋರಿಸಿ, ಯಾಕೆಂದರೆ ಸಹಿ ನಿಮ್ಮದು, ಕಾನೂನಿನ ಕುತ್ತೂ ನಿಮ್ಮದೇ. ಸ್ವೀಕೃತಿಯ ಸೀಲು ಹಾಕಿಸಿಕೊಂಡು ಪ್ರತಿ ಮನೆಯಲ್ಲಿಡಿ.

ಮೊದಲ ಕರಡು ಭಯಂಕರವಾಗಿತ್ತು. ಗುತ್ತಿಗೆದಾರ ಕಳ್ಳ, ಇಲಾಖೆಯ ಎಇ (ಸಹಾಯಕ ಎಂಜಿನಿಯರ್) ದುಡ್ಡು ತಿಂದಿದ್ದಾನೆ, ಮೇಲಿನವರಿಗೂ ಪಾಲು ಹೋಗಿದೆ. ದುಡ್ಡು ಕೊಟ್ಟದ್ದು ನೋಡಿದ್ರಾ ಅಂದೆ. ಇಲ್ಲ. ಹಾಗಾದರೆ ಅದೂ ಕಾಣದ್ದಕ್ಕೆ ಹಾಕುವ ಸಹಿಯೇ. ನಕ್ಕ. ಅಷ್ಟು ದಿನಗಳಲ್ಲಿ ಮೊದಲ ನಗು ಅದು. ಕೊನೆಗೆ ಉಳಿದದ್ದು ಅರ್ಧ ಪುಟ: ಇಂಥಿಂಥ ತಾರೀಕಿನ ವರದಿಗಳಿಗೆ ನಾನು ಸಹಿ ಹಾಕಿದ್ದೇನೆ, ಕಾಂಕ್ರೀಟ್ ಹಾಕುವಾಗ ಸ್ಥಳದಲ್ಲಿ ಇರಲಿಲ್ಲ, ಆ ವರದಿಗಳನ್ನು ನೆಚ್ಚುವಂತಿಲ್ಲ. ರಿಬೌಂಡ್ ಹ್ಯಾಮರ್ ಪರೀಕ್ಷೆ (ಸುತ್ತಿಗೆಯಂಥ ಉಪಕರಣ ತಾಗಿಸಿ ನೋಡುವುದು), ಬೇಕಾದ ಕಡೆ ಕೋರ್ ಪರೀಕ್ಷೆ (ಕಟ್ಟಿದ ಕಾಂಕ್ರೀಟಿನಿಂದಲೇ ತುಂಡು ಕೊರೆದು ತೆಗೆದು ಒಡೆದು ನೋಡುವುದು) ಮಾಡಿಸಬೇಕು.

ಇಲ್ಲಿ ನನ್ನದೂ ಒಂದು ಕಟ್ಟುಪಾಡು ಇದೆ. ಇಲ್ಲಿ ಆಡಿದ ಮಾತು ಹೊರಗೆ ಹೋಗುವುದಿಲ್ಲ, ಆದರೆ ಬೇರೆಯವರ ಜೀವಕ್ಕೆ ಅಪಾಯ ಅಂತ ಸ್ಪಷ್ಟವಾದರೆ ಹೋಗುತ್ತದೆ ಅಂತ ಮೊದಲ ಭೇಟಿಯಲ್ಲೇ ಎಲ್ಲರಿಗೂ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಗೋಪ್ಯತೆಗೆ ಇಂಥ ವಿನಾಯಿತಿ ಇಟ್ಟಿದೆ. ಹಾಸ್ಟೆಲ್ಲಿಗೆ ಮಕ್ಕಳು ಬರುವುದರೊಳಗೆ ಪರೀಕ್ಷೆ ಆಗಲೇಬೇಕು, ಏಜೆನ್ಸಿ ಮಾಡಿಸದಿದ್ದರೆ ಮುಂದಿನ ಪತ್ರ ಇಲಾಖೆಗೆ, ಅದಕ್ಕೆ ಒಪ್ಪದಿದ್ದರೆ ನಾನು ಸುಮ್ನೆ ಕೂರುವುದಿಲ್ಲ ಅಂತ ಆತನ ಮುಂದೆಯೇ ಹೇಳಿದೆ. ಆತನಿಗೆ ಸಿಟ್ಟು ಬಂತು. ಆದರೂ ಮುಂದಿನ ವಾರ ಬಂದ.

ಪತ್ರ ತಲುಪಿದ ಮೇಲೆ ಏಜೆನ್ಸಿ ಹೆದರಿ ಪರೀಕ್ಷೆ ಮಾಡಿಸಿತು. ಅನುಮಾನ ಇದ್ದ ಕಡೆ ಕೋರ್ ತೆಗೆದರು. ಕೋರ್‌ಗಳ ಸರಾಸರಿ ಬಲ ಗ್ರೇಡಿನ ಶೇ 85ಕ್ಕಿಂತ ಕಡಿಮೆ ಇರಬಾರದು, ಯಾವ ಒಂದೂ ಶೇ 75ಕ್ಕಿಂತ ಕೆಳಗೆ ಹೋಗಬಾರದು ಅನ್ನುತ್ತದೆ ಕಾಂಕ್ರೀಟಿಗೆ ಇರುವ ಭಾರತೀಯ ಮಾನಕ ಐಎಸ್ 456. ಎಲ್ಲವೂ ಪಾಸಾದವು. “ನೋಡಿದ್ಯಾ? ಸುಮ್ನೆ ಊರೆಲ್ಲಾ ಎಬ್ಬಿಸ್ದೆ” ಅಂದರಂತೆ ಬಾಸ್. ಗುತ್ತಿಗೆ ನವೀಕರಣದ ಸಮಯಕ್ಕೆ ಈತನ ಹೆಸರು ಪಟ್ಟಿಯಲ್ಲಿ ಇರಲಿಲ್ಲ.

ಹಾಗಾದರೆ ನಾನು ಪೆದ್ದನಾ ಅಂತ ಕೇಳಿದ. ಮದುವೆಯ ಫೋಟೊ ಇನ್ನೂ ಇದೆಯಾ ಅಂತ ಕೇಳಿದೆ. ಇದೆ ಅಂದ. ಕೋರ್ ಪಾಸಾಗಿದ್ದಕ್ಕೆ ಆತ ಅವತ್ತು ಚನ್ನಗಿರಿಯಿಂದ ಸೈಟಿಗೆ ಬಂದಂತೆ ಆಗುವುದಿಲ್ಲವಲ್ಲ.

ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನನ್ನ ಮಾತು ಒಂದೇ. ಸಹಿ ಹಾಕಲ್ಲ ಅಂತ ಜಗಳ ತೆಗೆಯಲು ಧೈರ್ಯ ಸಾಲದಿದ್ದರೆ, ಷರಾ ಕಾಲಮ್ಮಿನಲ್ಲಿ ‘ಕ್ಯೂಬ್ ತುಂಬುವಾಗ ನಾನು ಇರಲಿಲ್ಲ’ ಅಂತ ಬರೆದು ಸಹಿ ಹಾಕಿ. ಅಂಥ ವರದಿ ಯಾರಿಗೂ ಬೇಕಾಗುವುದಿಲ್ಲ, ಅವರೇ ವಾಪಸ್ ತೆಗೆದುಕೊಳ್ಳುತ್ತಾರೆ. ಮನೆಯವರಿಗೂ ಒಂದು ಮಾತು. ಹೊಟ್ಟೆಯ ಡಾಕ್ಟರ ಹತ್ತಿರ ಹೋಗುವಾಗ ಆಫೀಸಿನಲ್ಲಿ ಏನು ನಡೀತಿದೆ ಅಂತಲೂ ಒಮ್ಮೆ ಕೇಳಿ.

ಆತ ಈಗ ಹರಿಹರದ ಕಡೆ ಒಂದು ರೆಡಿಮಿಕ್ಸ್ ಪ್ಲಾಂಟಿನ ಲ್ಯಾಬಿನಲ್ಲಿದ್ದಾನೆ. ಸಂಬಳ ಕಡಿಮೆ. ಸಾಲದ ಕಂತಿಗೆ ಅಪ್ಪನ ಅಂಗಡಿಯಿಂದಲೂ ದುಡ್ಡು ಹೋಗುತ್ತಿದೆ. “ನಿದ್ದೆ ಬರಲಿ ಅಂತ ನಿಮ್ಮ ಹತ್ರ ಕರ್ಕೊಂಡು ಬಂದೆ, ಕೆಲಸ ಹೋಗ್ಲಿ ಅಂತ ಅಲ್ಲ” ಅಂದ ತಾಯಿ ಆಮೇಲೆ ನನ್ನ ಹತ್ತಿರ ಮಾತಾಡಿಲ್ಲ. ಅವರ ಸಿಟ್ಟು ತಪ್ಪು ಅಂತ ನಾನು ಹೇಳಲಾರೆ. ಹುಡುಗ ಮಾತ್ರ ಬರುತ್ತಿದ್ದಾನೆ. ಹಾಸ್ಟೆಲ್ಲಿಗಿಂತ ಮುಂಚೆ ಸಹಿ ಹಾಕಿದ ಬೇರೆ ಕಟ್ಟಡಗಳೂ ಇವೆಯಂತೆ, ಜನ ಆಗಲೇ ವಾಸಕ್ಕೆ ಬಂದಿರುವಂಥವು. ಯಾವ ದಿನ ಸೈಟಿನಲ್ಲಿದ್ದೆ, ಯಾವ ದಿನ ಇರಲಿಲ್ಲ ಅಂತ ಫೋಟೊ ನೋಡಿ ಪಟ್ಟಿ ಮಾಡುತ್ತಿದ್ದಾನೆ. ಎರಡನೇ ಪತ್ರ ಯಾರಿಗೆ ಹೋಗಬೇಕು ಅಂತ ಆ ಪಟ್ಟಿ ಬಂದ ಮೇಲೆ ಕೂತು ಮಾತಾಡಬೇಕು.