ದಿನಾ ಚಿತ್ರ ಬಿಡಿಸಬೇಕು ಎಂದು ಶುರುಮಾಡುತ್ತೇನೆ, ಎರಡೇ ವಾರಕ್ಕೆ ನಿಲ್ಲುತ್ತದೆ. ಏನು ಮಾಡಲಿ?

ಯಾವ ಸ್ಕೆಚ್ ಪುಸ್ತಕ ಒಳ್ಳೆಯದು, ಕ್ಲಾಸಿಗೆ ಸೇರಬೇಕಾ, ಸುತ್ತಮುತ್ತ ಬಿಡಿಸುವಂಥದ್ದು ಏನೂ ಇಲ್ಲವಲ್ಲ, ನನಗೆ ಶಿಸ್ತು ಸಾಲದು ಎಂದೆಲ್ಲ ಬರೆದಿದ್ದೀರಿ. ನನ್ನ ಕಣ್ಣು ನಿಂತದ್ದು ನಡುವಿನ ಒಂದು ಸಾಲಿನಲ್ಲಿ: ‘ಸರಿಯಾಗಿ ಬಾರದ್ದನ್ನು ಹರಿದು ಹಾಕುತ್ತೇನೆ’. ಮಾರಾಯ್ರೆ, ನಾಲ್ಕು ವರ್ಷ ನಾನೂ ಅದನ್ನೇ ಮಾಡಿದೆ.

ನಮ್ಮ ಮನೆ ಸುರತ್ಕಲ್ ಹತ್ತಿರ. ಮಂಗಳೂರಿನಲ್ಲಿ ಕೆಲಸ ಸಿಕ್ಕಿದಾಗ ಮೊದಲ ಸಂಬಳದಲ್ಲಿ ಹೊಲಿಗೆ ಹಾಕಿದ ದಪ್ಪ ಪುಸ್ತಕವೊಂದನ್ನು ಕೊಂಡೆ. ಸೀಟಿ ಹೊಡೆಯುವ ಕಂಡಕ್ಟರ್, ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಬಾಳೆಲೆಯ ಮೇಲೆ ಸುತ್ತಿಟ್ಟ ಮಲ್ಲಿಗೆ ಚೆಂಡು, ಹೀಗೆ ಕಂಡದ್ದನ್ನೆಲ್ಲ ಬಿಡಿಸುತ್ತಿದ್ದೆ. ಚೆನ್ನಾಗಿ ಬಂದರೆ ಉಳಿಯಿತು, ಇಲ್ಲದಿದ್ದರೆ ಹರಿದೆ.

ಒಂದು ಭಾನುವಾರ ಅಮ್ಮ ಕಡೆಯುವ ಕಲ್ಲಿನ ಮುಂದೆ ಕೂತು ತೆಂಗಿನಕಾಯಿ ಕಡೆಯುತ್ತಿದ್ದರು. ಮೇಲೆ ಬಾಳೆನಾರಿನಲ್ಲಿ ಕಟ್ಟಿ ನೇತುಹಾಕಿದ ಸೌತೆಕಾಯಿಗಳು, ಹಿಂದೆ ಹೊಗೆ ಹಿಡಿದ ಗೋಡೆ, ಹಂಚಿನ ನಡುವಿನ ಗಾಜಿನಿಂದ ಇಳಿದ ಬಿಸಿಲಿನ ಒಂದು ಕೋಲು. ಒಂದು ಗಂಟೆ ಕೂತು ಎಲ್ಲವನ್ನೂ ಬಿಡಿಸಿದೆ. ಅಮ್ಮನ ಬಲಗೈ ಮಾತ್ರ ಸೌಟಿನ ಹಾಗೆ ಬಂತು. ಹರಿದು ಒಲೆಗೆ ಹಾಕಿದೆ. ಮರುವರ್ಷ ಆ ಅಡುಗೆಮನೆಯನ್ನು ಕೆಡವಿ ತಾರಸಿ ಹಾಕಿಸಿದೆವು. ಮದುವೆ, ಗೃಹಪ್ರವೇಶದ ಫೋಟೊಗಳು ರಾಶಿ ಉಂಟು. ಆ ಅಡುಗೆಮನೆಯದ್ದು ಒಂದೂ ಇಲ್ಲ. ಕಲ್ಲಿನ ಎಡಕ್ಕೆ ಕಿಟಕಿಯೋ ಬಾಗಿಲೋ ಎಂದು ನಾನೂ ಅಮ್ಮನೂ ಈಗಲೂ ಚರ್ಚೆ ಮಾಡುತ್ತೇವೆ. ಅದು ಆ ಹಾಳೆಯಲ್ಲಿತ್ತು.

ಹರಿಯುವುದರಿಂದ ಆಗುವ ಹಾನಿ ಒಂದು ಹಾಳೆಯದ್ದು ಮಾತ್ರ ಅಲ್ಲ, ಇದನ್ನು ನಾನು ಬಿಡಿಸಿ ಹೇಳಲೇಬೇಕು. ಹೊಲಿದ ಪುಸ್ತಕದಲ್ಲಿ ಒಂದು ದೊಡ್ಡ ಹಾಳೆಯನ್ನು ಮಡಚಿ ಎರಡು ಮಾಡಿರುತ್ತಾರೆ. ಈ ಬದಿಯದ್ದನ್ನು ಹರಿದರೆ ಆ ಬದಿಯ ಜೋಡಿ ಸಡಿಲವಾಗಿ ಒಂದು ದಿನ ತಾನೇ ಉದುರುತ್ತದೆ. ನನ್ನ ಒಳ್ಳೆಯ ಎರಡು ಚಿತ್ರಗಳು ಹೀಗೇ ಹೋದವು. ಅದಕ್ಕಿಂತ ಕೆಟ್ಟದ್ದು ಕೈಗೆ ಆಗುವ ಅಭ್ಯಾಸ. ಹರಿಯುವವನಿಗೆ ಪ್ರತಿ ಖಾಲಿ ಹಾಳೆಯೂ ಪರೀಕ್ಷೆ. ಆಗ ಗೊತ್ತಿರುವುದನ್ನೇ ಬಿಡಿಸುತ್ತೀರಿ: ತೆಂಗಿನಮರ, ಸೂರ್ಯಾಸ್ತ, ಮತ್ತೆ ತೆಂಗಿನಮರ. ಆಮೇಲೆ ಹರಿಯದೆ ಇರುವ ಸುಲಭದ ದಾರಿ ಬಿಡಿಸದೆ ಇರುವುದು ಎಂದು ಮನಸ್ಸು ಕಂಡುಕೊಳ್ಳುತ್ತದೆ. ನಿಮ್ಮ ಎರಡು ವಾರ ಅಲ್ಲೇ ಮುಗಿಯುವುದು.

ಇನ್ನೊಂದು ನಷ್ಟ, ನಿಮ್ಮ ತಪ್ಪು ನಿಮಗೆ ಕಾಣುವುದಿಲ್ಲ. ಹರಿಯುವುದನ್ನು ಬಿಟ್ಟ ಮೇಲೆ ಒಂದೇ ಪುಸ್ತಕದಲ್ಲಿ ಹನ್ನೆರಡು ಕೊಡಪಾನ ಸಾಲಾಗಿ ಸಿಕ್ಕವು. ಹನ್ನೆರಡಕ್ಕೂ ಬಾಯಿ ದುಂಡಗೆ, ತಳ ಮಾತ್ರ ಸ್ಕೇಲ್ ಇಟ್ಟು ಎಳೆದ ಹಾಗೆ ನೇರ. ನೆಲದ ಮೇಲಿನ ಕೊಡಪಾನದ ತಳ ಕಣ್ಣಿನ ಮಟ್ಟದಿಂದ ಬಾಯಿಗಿಂತ ಕೆಳಗಿರುತ್ತದೆ, ಹಾಗಾಗಿ ಅದರ ಬಾಗು ಹೆಚ್ಚಿರಬೇಕು. ಒಂದೊಂದನ್ನೇ ಹರಿದಿದ್ದರೆ ಇದು ನನಗೆ ಯಾವತ್ತೂ ತಿಳಿಯುತ್ತಿರಲಿಲ್ಲ.

ಆದ್ದರಿಂದ ಶಿಸ್ತು ಸಾಲದು ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಕ್ಲಾಸು ಈಗ ಬೇಡ. ಐವತ್ತು ರೂಪಾಯಿ ಆಸುಪಾಸಿನ ಗೆರೆಯಿಲ್ಲದ ನೋಟ್‌ಬುಕ್, ಒಂದು ಬಾಲ್‌ಪೆನ್ ಸಾಕು. ಪೆನ್ಸಿಲ್ ಬೇಡವೇ ಬೇಡ, ಪೆನ್ಸಿಲ್ ಬಂದರೆ ಹಿಂದೆಯೇ ರಬ್ಬರ್ ಬರುತ್ತದೆ. ಹಾಳೆಯ ಮೂಲೆಯಲ್ಲಿ ತಾರೀಕು, ಜಾಗ ಬರೆಯಿರಿ.

ಬಿಡಿಸಲು ಏನೂ ಇಲ್ಲ ಎಂದಿರಲ್ಲ, ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗ ಬಂದರಿನ ದಕ್ಕೆಗೆ ಹೋಗಿ ನೋಡಿ, ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಅಷ್ಟು ಅಲುಗಾಡದ ಮಾಡೆಲ್ ಎಲ್ಲಿ ಸಿಗುತ್ತದೆ? ಅಲ್ಲಿಗೂ ಹೋಗಲಾಗದಿದ್ದರೆ ಮನೆಯ ಚಪ್ಪಲಿ, ಕೊಡೆ, ಬಸಳೆ ಚಪ್ಪರ. ಉಡುಪಿ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಚಿತ್ರಕಲಾವಿದ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಿ. ಕೆಲವೇ ಗೆರೆಗಳಲ್ಲಿ ಒಂದು ದೇಹದ ಭಾರ ಎಲ್ಲಿ ಕೂತಿದೆ ಎಂದು ಕಾಣುತ್ತದೆ.

ಬಣ್ಣವನ್ನು ಮಾತ್ರ ಮಳೆ ಮುಗಿದ ಮೇಲೆ ಶುರುಮಾಡಿ. ನಮ್ಮ ಕರಾವಳಿಯ ತೇವಕ್ಕೆ ಜಲವರ್ಣದ ಕಾಗದದ ಮೇಲಿನ ಅಂಟಿನ ಲೇಪ ಕೆಡುತ್ತದೆ, ಆಮೇಲೆ ಬಣ್ಣ ಒತ್ತುಕಾಗದಕ್ಕೆ ಬಿದ್ದ ಶಾಯಿಯ ಹಾಗೆ ಚುಕ್ಕೆ ಚುಕ್ಕೆಯಾಗಿ ಇಂಗುತ್ತದೆ. ನನ್ನ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದದ ಒಂದು ಕಟ್ಟು ಹೀಗೆ ಹಾಳಾಯಿತು. ಈಗ ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡುತ್ತೇನೆ.

ನೀವು ಹರಿದ ಹಾಳೆಗಳು ಇನ್ನೂ ಕಸದ ಬುಟ್ಟಿಯಲ್ಲಿದ್ದರೆ ಇವತ್ತೇ ಹೆಕ್ಕಿ ತೆಗೆಯಿರಿ. ಮೈದಾ ಅಂಟು ಕಾಯಿಸಿ, ತೆಳ್ಳಗೆ ಸವರಿ ನೋಟ್‌ಬುಕ್ಕಿಗೆ ಅಂಟಿಸಿ. ಸೆಲ್ಲೊಟೇಪ್ ಬೇಡ, ಕೆಲವು ವರ್ಷಕ್ಕೆ ಹಳದಿಯಾಗಿ ಬಿಟ್ಟುಕೊಳ್ಳುತ್ತದೆ, ಕಲೆ ಮಾತ್ರ ಚಿತ್ರದ ಮೇಲೆ ಉಳಿಯುತ್ತದೆ.