ಮಡಿಕೇರಿಯ ಚಳಿಯಲ್ಲಿ ಕುಣಿದರೂ ಎಕ್ಸ್‌ಟಸಿ ಮಾತ್ರೆ ನುಂಗಿದವರ ಮೈ ಅಪಾಯಕರವಾಗಿ ಕಾಯುವುದೇಕೆ?

ಪ್ರಯೋಗಾಲಯದಲ್ಲಿ ತಯಾರಾಗುವ ಇಂತಹ ಮಾದಕಗಳು ದೇಹದ ಉಷ್ಣವನ್ನು ಹತೋಟಿಯಲ್ಲಿಡುವ ಮಿದುಳಿನ ವ್ಯವಸ್ಥೆಯನ್ನೇ ಕೆಡಿಸುವುದರಿಂದ, ಹೊರಗಿನ ಚಳಿಯನ್ನು ರಕ್ಷಣೆಯೆಂದು ನಂಬುವಂತಿಲ್ಲ. ನರಕೋಶಗಳ ನಡುವೆ ಸಂದೇಶ ಒಯ್ಯುವ ಸಿರೊಟೋನಿನ್, ನಾರ್‌ಅಡ್ರಿನಲಿನ್‌ಗಳು ಮಿತಿಮೀರಿ ಬಿಡುಗಡೆಯಾದಾಗ ದೇಹವು ಹೆಚ್ಚು ಶಾಖವನ್ನು ಉತ್ಪಾದಿಸುತ್ತದೆ; ಚರ್ಮದ ರಕ್ತನಾಳಗಳು ಬಿಗಿಯುವುದರಿಂದ ಆ ಶಾಖ ಸುಲಭವಾಗಿ ಹೊರಹೋಗುವುದಿಲ್ಲ; ದಣಿವು ತಿಳಿಯದೆ ಮುಚ್ಚಿದ ಕೋಣೆಯಲ್ಲಿ ಗಂಟೆಗಟ್ಟಲೆ ಕುಣಿಯುವುದು ಅದನ್ನು ಇನ್ನಷ್ಟು ಏರಿಸುತ್ತದೆ.

ನನ್ನನ್ನು ಹೆಚ್ಚು ಕಳವಳಗೊಳಿಸುವುದು ಮಾತ್ರೆಯೊಳಗೆ ಏನಿದೆಯೆಂದು ನುಂಗುವವರಿಗೆ ಗೊತ್ತಿಲ್ಲದಿರುವುದು. ಎಕ್ಸ್‌ಟಸಿಯ ಹೆಸರಿನಲ್ಲಿ ಕೆಲವೊಮ್ಮೆ ಪಿಎಂಎಂಎ ಎಂಬ, ಅದಕ್ಕಿಂತ ಹೆಚ್ಚು ವಿಷಕಾರಿಯಾದ ರಾಸಾಯನಿಕ ಮಾರಾಟವಾಗುತ್ತದೆ. ಅದರ ಅಮಲು ನಿಧಾನವಾಗಿ ಏರುವುದರಿಂದ ಮಾತ್ರೆ ಕೆಲಸ ಮಾಡಲಿಲ್ಲವೆಂದು ಭಾವಿಸಿ ಎರಡನೆಯದನ್ನೂ ನುಂಗಿದವರು ಸತ್ತಿದ್ದಾರೆ.

ಕಾಫಿ ತೋಟದೊಳಗಿನ ಹೋಂಸ್ಟೇಗಳಿಂದ ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಬಹಳ ದೂರವಿರಬಹುದು. ಆದ್ದರಿಂದ ಸ್ನೇಹಿತರ ಮೈ ಸುಡುತ್ತಿದ್ದರೆ, ಮಾತು ತೊದಲಿದರೆ ಅಥವಾ ಸ್ನಾಯುಗಳು ಸೆಟೆದರೆ, ಪೊಲೀಸರ ಭಯದಿಂದ ತಡಮಾಡದೆ ತಕ್ಷಣ 108ಕ್ಕೆ ಕರೆ ಮಾಡಿ, ಒದ್ದೆ ಬಟ್ಟೆಯಿಂದ ಮೈ ತಣಿಸುತ್ತಾ, ನುಂಗಿದ್ದೇನೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು.